ಅಮ್ಮನ ಹಲ್ಲಿಗೆ ಜಿರ್ಕೋನಿಯಾ

ಶಿವಮೊಗ್ಗ
ಜುಲೈ 19, 2025, ಶನಿವಾರ

ಅಮ್ಮನ ದವಡೆ ಹಲ್ಲಿಗೆ ಜಿರ್ಕೋನಿಯಾ ಕ್ಯಾಪ್ ಅಂತ ತೀರ್ಮಾನವಾಯಿತು. ಪಿಂಗಾಣಿಯಂಥ ಗಟ್ಟಿ ಬಿಳಿ ವಸ್ತು ಅದು. ದುಡ್ಡು ಜಾಸ್ತಿಯೇ. ಆದರೆ ನನ್ನ ಚಿಂತೆ ಅದಲ್ಲ. ಅಮ್ಮ ಕವಳ ಬಿಡುವವಳಲ್ಲ. ಅಡಿಕೆ ಕಡಿದೂ ಕಡಿದೂ ಕ್ಯಾಪ್ ಸೀಳಿ ಹೋದರೆ?

ಸಂಜೆ ಮಳೆಯಲ್ಲೇ ಅಕ್ಕನ ಮಗಳು ಬಂದಳು. ಭೂವಿಜ್ಞಾನ ಓದುವ ಹುಡುಗಿ. ಜಿರ್ಕೋನಿಯಾ ಅಂದ ಕೂಡಲೇ ಮುಖ ಅರಳಿತು.

"ಚಿಕ್ಕಮ್ಮ, ಅದೇ ವಸ್ತು ಬಂಡೆಯಲ್ಲೂ ಇರುತ್ತೆ. ಬ್ಯಾಡೆಲಿಯೈಟ್ ಅಂತ. ತುಂಬಾ ಅಪರೂಪ. 1892ರಲ್ಲಿ ಶ್ರೀಲಂಕಾದ ರಕ್ವಾನದ್ದನ್ನ ಗುರುತಿಸಿದ್ರು."

"ಎಂತ ಮಾರಾಯ್ತಿ, ನನ್ನ ಬಾಯೊಳಗೆ ಕಲ್ಲು ಕೂರಿಸ್ತಾರಾ?" ಅಮ್ಮನಿಗೆ ಗಾಬರಿ.

"ಇಲ್ಲ ಅಜ್ಜಿ. ಕ್ಯಾಪಿನ ಪುಡಿ ಹೆಚ್ಚಾಗಿ ಜಿರ್ಕಾನ್ ಅನ್ನೋ ಖನಿಜದ ಮರಳಿಂದ ಮಾಡೋದು. ಕೇರಳದ ಚವರ ಕಡಲತೀರದಲ್ಲಿ ಅಂಥ ಮರಳಿದೆ."

ಕ್ಯಾಪಿನಲ್ಲೂ ಬ್ಯಾಡೆಲಿಯೈಟಿನಲ್ಲೂ ಇರುವುದು ಮುಖ್ಯವಾಗಿ ಜಿರ್ಕೋನಿಯಂ ಅನ್ನುವ ಲೋಹ ಮತ್ತು ಆಕ್ಸಿಜನ್. ಒಳಗಿನ ಪರಮಾಣುಗಳ ಜೋಡಣೆ ಮಾತ್ರ ಬೇರೆ. ಶುದ್ಧ ಜಿರ್ಕೋನಿಯಾ ಸುಮಾರು 1,170 ಡಿಗ್ರಿ ಸೆಲ್ಸಿಯಸ್ ದಾಟಿದರೆ ಇನ್ನೊಂದು ಜೋಡಣೆಗೆ ತಿರುಗುತ್ತದೆ. ಆರುವಾಗ ಮತ್ತೆ ಬ್ಯಾಡೆಲಿಯೈಟ್ ರೂಪಕ್ಕೆ ಬರುತ್ತದೆ, ಬರುವಾಗ ಶೇ. 4–5ರಷ್ಟು ಉಬ್ಬುತ್ತದೆ. ಆ ಉಬ್ಬಿಗೇ ಬಿರುಕು ಬಿಡುತ್ತದೆ. ಅದಕ್ಕೇ ಸ್ವಲ್ಪ ಯಿಟ್ರಿಯಾ (ಯಿಟ್ರಿಯಂ ಲೋಹದ ಆಕ್ಸೈಡ್) ಬೆರೆಸಿ, ಬಿಸಿಯಲ್ಲಿದ್ದ ಜೋಡಣೆಯನ್ನೇ ತಣ್ಣಗಾದ ಮೇಲೂ ಉಳಿಸಿಕೊಳ್ಳುತ್ತಾರೆ.

ನನ್ನನ್ನು ಹಿಡಿದು ಕೂರಿಸಿದ್ದು ಅವಳು ಆಮೇಲೆ ಹೇಳಿದ್ದು. ಕ್ಯಾಪಿನಲ್ಲಿ ಸಣ್ಣ ಸೀಳು ಶುರುವಾಯಿತು ಅನ್ನಿ. ಸೀಳಿನ ತುದಿಯ ಕಣಗಳು ಆ ಒತ್ತಡಕ್ಕೆ ಬ್ಯಾಡೆಲಿಯೈಟ್ ಜೋಡಣೆಗೆ ತಿರುಗುತ್ತವೆ. ತಿರುಗಿದ ಕೂಡಲೇ ಉಬ್ಬುತ್ತವೆ. ಉಬ್ಬಿ, ಸೀಳನ್ನು ಎರಡೂ ಕಡೆಯಿಂದ ಅದುಮುತ್ತವೆ. ಸೀಳಿಗೆ ಮುಂದೆ ಹೋಗುವುದು ಕಷ್ಟವಾಗುತ್ತದೆ. ಎಷ್ಟು ಚೆಂದ ಅಲ್ವಾ! ಕೇಳುತ್ತಾ ಕೇಳುತ್ತಾ ಒಲೆ ಮೇಲಿದ್ದ ಹಾಲು ಉಕ್ಕಿತು.

"ಹಾಗಾದ್ರೆ ಕವಳಕ್ಕೆ ತೊಂದರೆ ಇಲ್ಲ," ಅಂದಳು ಅಮ್ಮ.

"ಕ್ಯಾಪಿಗೆ ಇಲ್ಲ ಅಜ್ಜಿ. ಬಾಯಿಗೆ ಇದೆ. ಅಡಿಕೆಯಿಂದ ಕ್ಯಾನ್ಸರ್ ಬರುತ್ತೆ."

ಅಮ್ಮ ಎದ್ದು ಒಳಗೆ ಹೋದಳು. ತೋಟದ ಅಡಿಕೆಯಲ್ಲೇ ನಮ್ಮನ್ನೆಲ್ಲ ಓದಿಸಿದವಳು. ಅವಳ ಎದುರು ಈ ಮಾತು ನಾನಂತೂ ಆಡಿರಲಿಲ್ಲ.

ರಾತ್ರಿ ನಿದ್ದೆ ಬರಲಿಲ್ಲ. ಹುಡುಗಿ ಹೇಳಿದ ಇನ್ನೊಂದು ಮಾತು ತಲೆಯಲ್ಲಿತ್ತು. ಬೆಂಗಳೂರಿನ ಸುತ್ತ ಪೂರ್ವ-ಪಶ್ಚಿಮವಾಗಿ ಚಾಚಿರುವ ಕಪ್ಪು ಡೈಕ್‌ಗಳ (ಕರಗಿದ ಕಲ್ಲು ಬಂಡೆಯ ಬಿರುಕಿಗೆ ನುಗ್ಗಿ ಗಟ್ಟಿಯಾದ ಪಟ್ಟಿಗಳ) ವಯಸ್ಸು ಸುಮಾರು 237 ಕೋಟಿ ವರ್ಷವಂತೆ. ಅದು ಗೊತ್ತಾಗಿದ್ದು ಬ್ಯಾಡೆಲಿಯೈಟಿನಿಂದ. ಹರಳು ಬೆಳೆಯುವಾಗ ಯುರೇನಿಯಂ ಒಳಗೆ ಸೇರುತ್ತದೆ, ಸೀಸ ಹೆಚ್ಚುಕಮ್ಮಿ ಸೇರುವುದೇ ಇಲ್ಲ. ಹಾಗಾಗಿ ಈಗ ಅದರೊಳಗಿರುವ ಸೀಸ ಯುರೇನಿಯಂ ನಿಧಾನಕ್ಕೆ ಕ್ಷಯಿಸುತ್ತಾ ಹುಟ್ಟಿದ್ದು. ಎರಡನ್ನೂ ಅಳೆದರೆ ವಯಸ್ಸು ಸಿಗುತ್ತದೆ. ಸಿಲಿಕಾ, ಅಂದರೆ ಬೆಣಚುಕಲ್ಲಿನ ವಸ್ತು, ಜಾಸ್ತಿ ಇರುವ ಕಡೆ ಈ ಹರಳು ನಿಲ್ಲುವುದಿಲ್ಲ, ಜಿರ್ಕಾನ್ ಆಗಿಬಿಡುತ್ತದೆ.

ಮಳೆಗಾಲ ಮುಗಿದ ಮೇಲೆ ನಮ್ಮ ಕಡೆಯ ಡೈಕ್‌ಗಳನ್ನೂ ನೋಡಬೇಕು ಅಂತಾಳೆ ಹುಡುಗಿ. ಹೋಗಲಿ, ನೋಡಲಿ. ನನಗೆ ಸೋಮವಾರದ್ದೇ ಯೋಚನೆ. ಕ್ಯಾಪಿನ ಅಳತೆಗೆ ಹೋದಾಗ ಅಮ್ಮನ ಬಾಯಿ ಪೂರ್ತಿ ನೋಡಿ ಅಂತ ಡಾಕ್ಟರಿಗೆ ಹೇಳಬೇಕು. ಅಮ್ಮನ ಎದುರೇ ಹೇಳಲೋ, ಮೊದಲೇ ಫೋನ್ ಮಾಡಿ ಹೇಳಲೋ?