ಹಳೆಯ ಅಚ್ಚು ಓದಿಸಲು ಕೃತಕ ಸಾಲುಗಳು: ಈವರೆಗಿನ ಪ್ರಗತಿ

ಟೆಸೆರಾಕ್ಟ್ ಎಂಬ ಓಸಿಆರ್ (ಚಿತ್ರದಲ್ಲಿರುವ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ) ತಂತ್ರಾಂಶಕ್ಕೆ ಹಳೆಯ ಕನ್ನಡ ಪುಸ್ತಕಗಳನ್ನು ಓದಲು ಕಲಿಸುವುದು ನನ್ನ ಬಿಡುವಿನ ಕೆಲಸ. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದ ಪುಟಗಳ ಸ್ಕ್ಯಾನ್ ಬೇಕಾದಷ್ಟು ಸಿಗುತ್ತದೆ. ಸಿಗದಿರುವುದು ಆ ಪುಟಗಳಿಗೆ ಸಾಲಿಗೆ ಸಾಲು ಹೊಂದುವ, ತಪ್ಪಿಲ್ಲದ ಪಠ್ಯ. ಆದ್ದರಿಂದ ತಿರುಗುಮುರುಗು ದಾರಿ ಹಿಡಿದಿದ್ದೇನೆ: ಪಠ್ಯ ಮೊದಲು, ಚಿತ್ರ ಆಮೇಲೆ. ಕೈಯಲ್ಲಿರುವ ಪಠ್ಯವನ್ನು ಹಲವು ಫಾಂಟ್‌ಗಳಲ್ಲಿ ಚಿತ್ರವಾಗಿಸಿ, ಅದರ ಮೇಲೆ ಮಸುಕು, ಕಲೆ, ವಾರೆ ಸೇರಿಸಿ ತರಬೇತಿಗೆ ಕೊಡುವುದು. ಉತ್ತರ ಮೊದಲೇ ಗೊತ್ತಿರುವುದರಿಂದ ಬೆರಳಚ್ಚಿನ ಕೆಲಸವೇ ಇಲ್ಲ.

ಈ ದಾರಿ ಹೊಸದಲ್ಲ. 2014ರಲ್ಲಿ ಆಕ್ಸ್‌ಫರ್ಡ್‌ನ ತಂಡವೊಂದು 90 ಸಾವಿರ ಇಂಗ್ಲಿಷ್ ಪದಗಳಿಂದ ಸುಮಾರು 90 ಲಕ್ಷ ಕೃತಕ ಚಿತ್ರಗಳನ್ನು ತಯಾರಿಸಿ, ಅವುಗಳಿಂದಲೇ ಪದ ಗುರುತಿಸುವ ಯಂತ್ರವನ್ನು ತರಬೇತುಗೊಳಿಸಿತ್ತು. ಆದರೆ ಇಂಗ್ಲಿಷಿಗೆ ಒತ್ತಕ್ಷರದ ಕಾಟವಿಲ್ಲ.

ನನ್ನ ಸಮಯವನ್ನು ಹೆಚ್ಚು ತಿಂದದ್ದು ಅರ್ಕಾವತ್ತು. ‘ಸೂರ್ಯ’ ಎಂದು ಟೈಪ್ ಮಾಡಿದರೆ ಫಾಂಟ್ ಯಕಾರ ಬರೆದು ಅದರ ಬಲಕ್ಕೆ ಅರ್ಕಾವತ್ತು ಇಡುತ್ತದೆ. ಕೆಲವು ಹಳೆಯ ಮುದ್ರಣಗಳಲ್ಲಿ ಅದೇ ಪದ ‘ಸೂರ‍್ಯ’ ಎಂದು, ರಕಾರಕ್ಕೆ ಯ ಒತ್ತು ಕೊಟ್ಟು ಅಚ್ಚಾಗಿದೆ. ಯುನಿಕೋಡ್‌ನಲ್ಲಿ ಈ ಎರಡನೆಯ ರೂಪ ಬರಬೇಕಾದರೆ ರಕಾರದ ನಂತರ ಕಣ್ಣಿಗೆ ಕಾಣದ ಜೋಡಕವೊಂದನ್ನು ಸೇರಿಸಬೇಕು. ಸಾಮಾನ್ಯ ಪಠ್ಯದಲ್ಲಿ ಅದು ಹೆಚ್ಚಾಗಿ ‘ರ‍್ಯಾಂಕ್’ನಂಥ ಪದಗಳಲ್ಲಷ್ಟೇ ಇರುತ್ತದೆ; ಹಾಗಾಗಿ ಎಷ್ಟು ಲಕ್ಷ ಕೃತಕ ಸಾಲು ತಯಾರಿಸಿದರೂ ಯಂತ್ರಕ್ಕೆ ಹಳೆಯ ರೂಪದ ಪರಿಚಯವೇ ಆಗುವುದಿಲ್ಲ. ಈಗ ಪಠ್ಯದ ಒಂದು ಪಾಲಿಗೆ ಜೋಡಕವನ್ನು ನಾನೇ ಸೇರಿಸುತ್ತಿದ್ದೇನೆ. ಉತ್ತರದ ಕಡತದಲ್ಲಿಯೂ ಅಚ್ಚಿನಲ್ಲಿ ಕಂಡಂತೆಯೇ ಬರೆಯಬೇಕೇ, ಇಂದಿನ ರೂಪಕ್ಕೆ ತಿದ್ದಬೇಕೇ? ಕಂಡಂತೆಯೇ ಎಂದು ತೀರ್ಮಾನಿಸಿ ನಿಯಮದ ಕಡತದಲ್ಲಿ ಬರೆದಿಟ್ಟಿದ್ದೇನೆ. ತಿದ್ದುವವರು ಆಮೇಲೆ ತಿದ್ದಿಕೊಳ್ಳಬಹುದು. ತಿದ್ದಿದ ಮೇಲೆ ಮೂಲರೂಪ ಮರಳಿ ಸಿಗುವುದಿಲ್ಲ.

ಈ ನಿಯಮದ ಕಡತವೇ ಇಡೀ ಕೆಲಸದಲ್ಲಿ ಅತ್ಯಂತ ಬೆಲೆಬಾಳುವ ಭಾಗ ಎಂದು ನನಗೆ ದಿನೇ ದಿನೇ ಅನ್ನಿಸುತ್ತಿದೆ. ಪ್ರತಿ ಕಂತಿನ ಚಿತ್ರಗಳ ಜೊತೆ ಪಠ್ಯದ ಮೂಲ, ಅದರ ಪರವಾನಗಿ, ಫಾಂಟ್ ಮತ್ತು ಅದರ ಆವೃತ್ತಿ, ಮಸುಕಿನ ಪ್ರಮಾಣ, ಬಳಸಿದ ಸೀಡ್ ಸಂಖ್ಯೆ (ಯಾದೃಚ್ಛಿಕ ಆಯ್ಕೆಗಳು ಮತ್ತೆ ಹಾಗೆಯೇ ಬರುವಂತೆ ಮಾಡುವ ಆರಂಭದ ಅಂಕಿ) ಎಲ್ಲವೂ ದಾಖಲಾಗುತ್ತವೆ. ಚಿತ್ರಗಳು ಅಳಿದುಹೋದರೂ ಈ ಕಡತವಿದ್ದರೆ ಹಾಗೆಯೇ ಮತ್ತೆ ತಯಾರಿಸಬಹುದು. ಕಡತವಿಲ್ಲದ ಚಿತ್ರಗಳ ರಾಶಿಯನ್ನು ಯಾರು ಕೊಟ್ಟರೂ ಈಗ ನಾನು ತೆಗೆದುಕೊಳ್ಳುವುದಿಲ್ಲ. ನೋಟೊ ಸೆರಿಫ್ ಕನ್ನಡ, ತಿರೋ ಕನ್ನಡ ಮುಂತಾದವು ಮುಕ್ತ ಫಾಂಟ್ ಪರವಾನಗಿಯಲ್ಲಿರುವುದರಿಂದ ತೊಂದರೆಯಿಲ್ಲ. ಪರವಾನಗಿ ಯಾವುದೆಂದೇ ತಿಳಿಯದ ಹಳೆಯ ಫಾಂಟ್‌ಗಳು ಎಷ್ಟೇ ಚೆನ್ನಾಗಿದ್ದರೂ ಹೊರಗೆ. ಪಠ್ಯವನ್ನು ವಿಕಿಪೀಡಿಯದಿಂದಲೂ, ಲೇಖಕರು ತೀರಿಕೊಂಡು 60 ವರ್ಷ ಕಳೆದು ಹಕ್ಕುಸ್ವಾಮ್ಯ ಮುಗಿದ ಕೃತಿಗಳಿಂದಲೂ ತೆಗೆದುಕೊಂಡಿದ್ದೇನೆ.

ಪರೀಕ್ಷೆಗೆ ಮಾತ್ರ ಕೃತಕ ಸಾಲು ಒಂದೂ ಇಲ್ಲ. ನಿಜವಾದ ಪುಟಗಳನ್ನು ಕೈಯಾರೆ ಬೆರಳಚ್ಚಿಸಿ, ಬೇರೆಯವರಿಂದ ಕರಡು ತಿದ್ದಿಸಿ ಬೇರೆ ಇಟ್ಟಿದ್ದೇನೆ. ಕೃತಕ ಸಾಲುಗಳ ಮೇಲೆ ಯಂತ್ರ ಯಾವಾಗಲೂ ಜಾಣ. ನಿಜವಾದ ಪುಟದಲ್ಲಿ ಅದರ ಬಂಡವಾಳ ಬಯಲಾಗುತ್ತದೆ. ದ, ಧ, ಥ ನೋಡಿ: ಧಕಾರಕ್ಕೆ ಕೆಳಗೊಂದು ಸೀಳು, ಥಕಾರಕ್ಕೆ ಅದರ ಜೊತೆ ಹೊಟ್ಟೆಯಲ್ಲಿ ಚುಕ್ಕೆ. ಮಸಿ ಹರಡಿದ ಪುಟದಲ್ಲಿ ಸೀಳು ಮುಚ್ಚಿಕೊಳ್ಳುತ್ತದೆ, ಚುಕ್ಕೆ ಕರಗಿಹೋಗುತ್ತದೆ. ಗೆರೆಗಳನ್ನು ದಪ್ಪವಾಗಿಸಿ ಮಸಿ ಹರಡಿದಂತೆ ಮಾಡಿದ ಮೇಲೆ ಸೀಳಿನ ಗೊಂದಲ ಕಣ್ಣಿಗೆ ಕಾಣುವಷ್ಟು ಕಡಿಮೆಯಾಗಿದೆ. ಚುಕ್ಕೆ ಇನ್ನೂ ಪಟ್ಟು ಬಿಟ್ಟಿಲ್ಲ.

ತರಬೇತಾದ ಯಂತ್ರದಿಂದಲೇ ಹೊಸ ಸ್ಕ್ಯಾನ್‌ಗಳನ್ನು ಓದಿಸಿ, ಆ ಓದನ್ನೇ ಮುಂದಿನ ತರಬೇತಿಗೆ ಬಳಸುವ ಆಸೆ ಆಗಾಗ ಬರುತ್ತದೆ. ಯಂತ್ರದ ಉತ್ಪತ್ತಿಯನ್ನೇ ಯಂತ್ರಕ್ಕೆ ಮತ್ತೆ ಮತ್ತೆ ಉಣಿಸಿದರೆ ಅಪರೂಪದ ಸಂಗತಿಗಳು ಮೊದಲು ಅಳಿಸಿಹೋಗುತ್ತವೆ ಎಂದು 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಪ್ರಬಂಧವೊಂದು ತೋರಿಸಿದೆ. ನನಗೆ ಬೇಕಾಗಿರುವುದೇ ಅಪರೂಪದ ಅಕ್ಷರಗಳು. ಅಂಥ ಓದುಗಳಿಗೆ ಬೇರೆ ಗುರುತು, ಬೇರೆ ಕೋಶ. ತರಬೇತಿಗೆ ಸದ್ಯಕ್ಕೆ ಇಲ್ಲ.

ಈ ನಡುವೆ ಕೆಲಸ ಇನ್ನೊಂದು ಕಡೆಗೂ ಚಾಚಿದೆ. ಇತಿಹಾಸ ಸಂಶೋಧನೆ ಮಾಡುವ ಗೆಳೆಯರೊಬ್ಬರ ಬಳಿ ಸಹಕಾರ ಸಂಘವೊಂದರ ಹಳೆಯ ಸಾಲದ ರಸೀದಿಗಳಿವೆ. ಹೆಸರು, ತಂದೆಯ ಹೆಸರು, ಗ್ರಾಮ, ಸರ್ವೆ ನಂಬರ್, ಮೊತ್ತ. ಈ ಕುಟುಂಬಗಳು ಇಂದಿಗೂ ಅದೇ ಊರುಗಳಲ್ಲಿವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಕಾಗದದಿಂದ ಡಿಜಿಟಲ್ ರೂಪಕ್ಕೆ ತಂದದ್ದಕ್ಕೂ ಅನ್ವಯಿಸುತ್ತದೆ; ಸಂಶೋಧನೆಗೆ ಷರತ್ತಿನ ವಿನಾಯಿತಿ ಇದೆ. ಆದರೂ ನಿಜವಾದ ರಸೀದಿಗಳನ್ನು ನನ್ನ ಕಂಪ್ಯೂಟರಿಗೆ ತರುವುದು ಬೇಡವೆಂದೆ. ಮಾದರಿಯ ನಮೂನೆ ನೋಡಿಕೊಂಡು ಕೃತಕ ರಸೀದಿಗಳನ್ನು ತಯಾರಿಸಿದೆ. ಹೆಸರು, ಊರು, ಮೊತ್ತ ಒಂದಕ್ಕೊಂದು ಸಂಬಂಧವಿಲ್ಲದಂತೆ ಬೇರೆ ಬೇರೆಯಾಗಿ ಆರಿಸಲ್ಪಡುತ್ತವೆ, ಊರುಗಳು ಕಲ್ಪಿತ.

ಊರಿಂದೂರಿಗೆ ಹೆಸರುಗಳ ಪ್ರಮಾಣ ನಿಜದಂತೆಯೇ ಇರಲಿ ಎಂಬುದು ಗೆಳೆಯರ ಆಸೆಯಾಗಿತ್ತು. ಒಪ್ಪಲಿಲ್ಲ. ಪಿನ್‌ಕೋಡ್, ಲಿಂಗ, ಹುಟ್ಟಿದ ದಿನಾಂಕ ಈ ಮೂರರಿಂದಲೇ ಅಮೆರಿಕದ ಶೇ 87ರಷ್ಟು ಜನರನ್ನು ಪ್ರತ್ಯೇಕವಾಗಿ ಗುರುತಿಸಬಹುದು ಎಂದು ಅಲ್ಲಿನ ಕಂಪ್ಯೂಟರ್ ವಿಜ್ಞಾನಿ ಲತಾನ್ಯಾ ಸ್ವೀನಿ ಅಂದಾಜಿಸಿದ್ದರು. ಸಣ್ಣ ಊರಿನಲ್ಲಿ ಅಪರೂಪದ ಒಂದು ಹೆಸರು ಸಾಕು. ನಿಜದ ಪ್ರಮಾಣವನ್ನು ಅತಿಯಾಗಿ ಅನುಕರಿಸಿದ ಕೃತಕ ದತ್ತಾಂಶ ಹೆಸರಿಗೆ ಮಾತ್ರ ಕೃತಕ.

ಇದರ ಬೆಲೆಯೂ ಗೊತ್ತಿದೆ. ಈ ರಸೀದಿಗಳಿಂದ ಓದಲು ಕಲಿಸಬಹುದು. ಯಾವ ಊರಿನವರು ಎಷ್ಟು ಸಾಲ ಪಡೆದರು ಎಂದು ಲೆಕ್ಕ ಹಾಕಲಾಗದು. ಅಮೆರಿಕದ ಸೆನ್ಸಸ್ ಬ್ಯೂರೋ ಇದಕ್ಕೊಂದು ಉಪಾಯ ಮಾಡಿತ್ತು: ಸಂಶೋಧಕರು ಕೃತಕ ಕಡತದ ಮೇಲೆ ತಮ್ಮ ಪ್ರೋಗ್ರಾಂ ಸಿದ್ಧಪಡಿಸಬೇಕು, ಬ್ಯೂರೋದವರು ಅದನ್ನು ಒಳಗಿನ ನಿಜ ದತ್ತಾಂಶದ ಮೇಲೆ ಓಡಿಸಿ ಫಲಿತಾಂಶವನ್ನು ಪರಿಶೀಲಿಸಿ ಕೊಡುತ್ತಿದ್ದರು. ನಾವೂ ಅದನ್ನೇ ಅನುಸರಿಸಿದ್ದೇವೆ. ಪ್ರೋಗ್ರಾಂ ನನ್ನದು, ಓಡುವುದು ಗೆಳೆಯರ ಕಂಪ್ಯೂಟರಿನಲ್ಲಿ; ನನಗೆ ಬರುವುದು ತಪ್ಪಿನ ಪ್ರಮಾಣ ಮಾತ್ರ.

ನಕಲಿ ರಸೀದಿಯನ್ನು ಯಾರಾದರೂ ಅಸಲಿಯೆಂದು ತೋರಿಸಿಯಾರು ಎಂಬ ಭಯಕ್ಕೆ ಪ್ರತಿಯೊಂದರ ಅಂಚಿನಲ್ಲಿ ‘ಮಾದರಿ’ ಎಂಬ ಮುದ್ರೆ ಒತ್ತಿಸುತ್ತಿದ್ದೇನೆ. ತರಬೇತಿಗೆ ಸಾಲುಗಳನ್ನು ಕತ್ತರಿಸುವಾಗ ಅಂಚು ಉದುರಿಹೋಗುವುದರಿಂದ ಯಂತ್ರಕ್ಕೆ ಅಡ್ಡಿಯಿಲ್ಲ.

ಮುಂದಿನ ಕಂತಿಗೆ ಬಾಕಿ: ಥಕಾರದ ಚುಕ್ಕೆ, ಮತ್ತು ಹಳಗನ್ನಡ ಪುಟಗಳಿಗಾಗಿ ಱ, ೞ ಅಕ್ಷರಗಳು. ಇವೆರಡೂ ಸರಿಯಾಗಿ ಮೂಡುವ ಮುಕ್ತ ಫಾಂಟ್‌ಗಳ ಪಟ್ಟಿ ಮಾಡಲು ಶುರುಮಾಡಿದ್ದೇನೆ.