ಖಾನಾವಳಿ ಮುಸುರೆ, ಪಿಟ್ಟಿನ ಕೆಸರು: ದಾವಣಗೆರೆ ಡೈಜೆಸ್ಟರ್ ಎಲ್ಲಿಗೆ ಬಂತು

ಡೈಜೆಸ್ಟರ್ ಅಂದರೆ ಮುಸುರೆ ಕೊಳೆಸಿ ಅಡುಗೆ ಗ್ಯಾಸ್ ಮಾಡುವ ತೊಟ್ಟಿ. ಸಾವಿರ ಲೀಟರ್ ಟ್ಯಾಂಕಿನ ತಲೆ ಕೊಯ್ದು, ಒಳಗೆ 750 ಲೀಟರಿನದನ್ನು ಬೋರಲು ಹಾಕಿದ ತೇಲುವ ಡ್ರಮ್ಮಿನ ಮಾದರಿ ಇದು. ಒಳಗೆ ನಿಲ್ಲುವ ರಾಡಿ ಸುಮಾರು 800 ಲೀಟರ್. ದಿನಕ್ಕೆ ಖಾನಾವಳಿ ಮುಸುರೆ 5 ಕೆಜಿ, ಪಿಟ್ಟಿನ (ಸೆಪ್ಟಿಕ್ ಟ್ಯಾಂಕಿನ) ಕೆಸರು 5 ಲೀಟರ್, ನೀರು 10 ಲೀಟರ್. ಈ ಲೆಕ್ಕದಲ್ಲಿ ಹಾಕಿದ್ದು ಸರಾಸರಿ 40 ದಿನ ಒಳಗಿರುತ್ತದೆ. ಮುಸುರೆ ಕೆಜಿಗೆ 100 ಲೀಟರ್ ಗ್ಯಾಸ್ ಎಂದು ಹಿಡಿದರೆ ದಿನಕ್ಕೆ ಅರ್ಧ ಘನ ಮೀಟರ್; ಎಲ್‌ಪಿಜಿಗೆ ಹೋಲಿಸಿದರೆ 200 ಗ್ರಾಂ ಚಿಲ್ಲರೆ.

ಕೆಸರಿನಿಂದ ಗ್ಯಾಸ್ ನಿರೀಕ್ಷಿಸಬೇಡಿ. ಪಿಟ್ಟಿನಲ್ಲಿ ವರ್ಷಗಟ್ಟಲೆ ಕೊಳೆತು ಸತ್ವ ಬಿಟ್ಟ ಮಾಲು ಅದು. ಆದರೂ ಅದು ಬೇಕು: ಅದರಲ್ಲಿರುವ ಅಮೋನಿಯಾ, ಬೈಕಾರ್ಬೊನೇಟ್ ಹುಳಿಯನ್ನು ತಡೆಯುತ್ತವೆ, ಕಬ್ಬಿಣ, ನಿಕಲ್, ಕೋಬಾಲ್ಟ್‌ನ ಚೂರುಪಾರು ಮೀಥೇನ್ ಸೂಕ್ಷ್ಮಾಣುಗಳಿಗೆ ಆಹಾರ. ಬರೀ ಅನ್ನ-ಸಾರಿನ ಮೇಲೆ ಓಡಿಸಿದ ಡೈಜೆಸ್ಟರ್ ಕೆಲ ತಿಂಗಳಲ್ಲಿ ಮಂಕಾಗುವುದು ಇವಿಲ್ಲದೆಯೇ. ಕೆಸರನ್ನು ಟ್ಯಾಂಕರ್ ಪೈಪಿನಿಂದಲೇ ತುಂಬಿಸಿಕೊಳ್ಳುವುದು. ಪಿಟ್ಟಿಗೆ ಆಳು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆಯಂತೆ ಅಪರಾಧ.

ಈ ಸಲದ ಮುಖ್ಯ ಸುದ್ದಿ ಹುಳಿ ಏರಿದ್ದು. ಛತ್ರದ ಊಟದ ಮುಸುರೆ ಬಂತು: ತುಪ್ಪ, ಹೋಳಿಗೆ, ಎಣ್ಣೆ ಕಾರುವ ಮಿರ್ಚಿ. ಪಿಎಚ್ (ಹುಳಿಯ ಅಳತೆ, 7ಕ್ಕಿಂತ ಇಳಿದಷ್ಟೂ ಹುಳಿ) 7.1 ತೋರಿಸುತ್ತಿತ್ತು, ಎಲ್ಲ ಸರಿ ಅನ್ನಿಸುವಂತೆ. ಆಮ್ಲ ಹನಿಸಿ ಅಳೆಯುವ ಟೈಟ್ರೇಶನ್ ಬೇರೆಯೇ ಹೇಳಿತು. ಸೋಸಿದ 20 ಮಿಲಿ ದ್ರವಕ್ಕೆ 0.1 ನಾರ್ಮಲ್ ಸಾಂದ್ರತೆಯ ಗಂಧಕಾಮ್ಲ ಬಿಟ್ಟಾಗ ಪಿಎಚ್ 5.0ಕ್ಕೆ ಇಳಿಯಲು 16 ಮಿಲಿ, ಅಲ್ಲಿಂದ 4.4ಕ್ಕೆ 2.2 ಮಿಲಿ ಹಿಡಿಯಿತು. ಇದಕ್ಕಿರುವ ಸೂತ್ರದಂತೆ, ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ, ಕ್ಷಾರ 16 × 250 = 4000. ಆಮ್ಲ (2.2 × 1.66 − 0.15) × 500 = 1750. ಆಮ್ಲವನ್ನು ಕ್ಷಾರದಿಂದ ಭಾಗಿಸಿದರೆ ಅನುಪಾತ 0.44. 0.3ರ ಒಳಗಿದ್ದರೆ ನೆಮ್ಮದಿ, 0.4 ದಾಟಿದರೆ ಊಟ ಬಂದ್. ಕ್ಷಾರ ಇರುವಷ್ಟು ದಿನ ಪಿಎಚ್ ಅಲ್ಲಾಡುವುದಿಲ್ಲ. ಅದು ಇಳಿದ ಮೇಲೆ ನೋಡುವುದೆಂದರೆ ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಮುಸುರೆ ನಿಲ್ಲಿಸಿ ಕೆಸರು ಮಾತ್ರ ಕೊಟ್ಟು, ಅನುಪಾತ 0.3ಕ್ಕೆ ಬಂದ ಮೇಲೆ 1 ಕೆಜಿಯಿಂದ ಮತ್ತೆ ಶುರು. ಇನ್ನು ಎಣ್ಣೆ ಮೇಲಿಂದ ತೆಗೆದೇ ಹಾಕುವುದು. ನಿಂಬೆ ಸಿಪ್ಪೆಯೂ ಬೇಡ, ಅದರ ತೈಲ ಸೂಕ್ಷ್ಮಾಣುಗಳಿಗೆ ವಿಷ.

ಗ್ಯಾಸಿನ ಕೊಳೆತ ಮೊಟ್ಟೆ ವಾಸನೆಗೆ ಲೇತ್ ಅಂಗಡಿಯ ತುಕ್ಕು ಹಿಡಿದ ಕಬ್ಬಿಣದ ಸುರುಳಿ ತುಂಬಿದ ಪಿವಿಸಿ ಪೈಪು ಸಾಕು. ಬಳಸಿದ ಸುರುಳಿ ಗಾಳಿಗೆ ಬಿಚ್ಚಿದರೆ ಕಾದು ಹೊತ್ತಿಕೊಳ್ಳಬಹುದು; ಮೊದಲು ನೀರು ಹೊಡೆಯಿರಿ.

ರಂಜಕ (ಫಾಸ್ಫರಸ್) ಹಿಡಿಯುವ ಕೆಲಸ ಈಗ ನಡೆಯುತ್ತಿದೆ. ಡೈಜೆಸ್ಟರಿನಿಂದ ಹೊರಬಂದ ದ್ರವವನ್ನು ಬಟ್ಟೆಯಲ್ಲಿ ಸೋಸಿ, 20 ಲೀಟರಿಗೆ ಅಕ್ವೇರಿಯಂ ಪಂಪಿನಿಂದ ಗಾಳಿ ಊದಿದರೆ ಇಂಗಾಲದ ಡೈಆಕ್ಸೈಡ್ ಹಾರಿ ಪಿಎಚ್ ತಾನೇ ಏರುತ್ತದೆ, 8.8ಕ್ಕೆ ಕಡಿಮೆ ಬಿದ್ದರೆ ತುಸು ಕಾಸ್ಟಿಕ್ ಸೋಡಾ. ಲೀಟರಿಗೆ 60 ಮಿಲಿಗ್ರಾಂ ರಂಜಕವಿದ್ದರೆ ಒಟ್ಟು 1.2 ಗ್ರಾಂ. ಗೊಬ್ಬರದಂಗಡಿಯ ಮೆಗ್ನೀಸಿಯಂ ಸಲ್ಫೇಟ್ 11-12 ಗ್ರಾಂ ಹಾಕಿ ನಿಧಾನ ಕಲಕಿದರೆ ಬಿಳಿ ಮರಳಿನಂಥ ಸ್ಟ್ರುವೈಟ್ (ರಂಜಕ, ಮೆಗ್ನೀಸಿಯಂ, ಅಮೋನಿಯಾ ಕೂಡಿದ ಹರಳು) ತಳ ಸೇರುತ್ತದೆ, ಹೆಚ್ಚೆಂದರೆ 9.5 ಗ್ರಾಂ. ಸುಣ್ಣ ಹಾಕಬೇಡಿ: ರಂಜಕ ಕ್ಯಾಲ್ಸಿಯಂ ಜೊತೆ ಹೋಗಿ ಲೋಳೆಯಂಥ ಪುಡಿ ಸಿಗುತ್ತದೆ. ಬೋರಿನ ಗಡಸು ನೀರೂ ಅದನ್ನೇ ಮಾಡುತ್ತದೆ.

ಸ್ಟ್ರುವೈಟಿನಲ್ಲಿ ಸಾರಜನಕ ಬರೀ ಅರ್ಧ ಗ್ರಾಂ. ಉಳಿದದ್ದೆಲ್ಲ ದ್ರವದಲ್ಲೇ, ಆದ್ದರಿಂದ ಅದನ್ನು ಅಡಿಕೆ ಬುಡದ ಗುಂಡಿಗೆ ಬಿಟ್ಟು ತಕ್ಷಣ ಮಣ್ಣು ಮುಚ್ಚುವುದು. ತೆರೆದಿಟ್ಟರೆ ಅಮೋನಿಯಾ ಗಾಳಿಪಾಲು. ಸೊಪ್ಪು, ತರಕಾರಿಗೆ ಬೇಡ. 35 ಡಿಗ್ರಿಯ ಡೈಜೆಸ್ಟರಿನಲ್ಲಿ ಜಂತುಹುಳುವಿನ ಮೊಟ್ಟೆ ಸಾಯುವುದಿಲ್ಲ. ಗಟ್ಟಿ ಕೆಸರನ್ನು ಮೆಕ್ಕೆಜೋಳದ ಬೆಂಡಿನ ಜೊತೆ ರಾಶಿ ಹಾಕಿ, 55 ಡಿಗ್ರಿ ಮೇಲೆ 15 ದಿನ, ಐದು ಸಲ ಮಗುಚಿ. ಮುಂದಿನ ಕೆಲಸ ಆ ರಾಶಿಗೆ ಥರ್ಮಾಮೀಟರ್ ಚುಚ್ಚಿ, ನಡುವಿನ ಶಾಖವನ್ನೂ ಅಂಚಿನ ಶಾಖವನ್ನೂ ಬೇರೆ ಬೇರೆ ಬರೆದಿಡುವುದು.