ಹತ್ತಿಯ ಅಂಗಾಲು: ಮೂರು ತಿಂಗಳ ದಿನಚರಿ

ಜೂನ್ 9, 2024, ಭಾನುವಾರ

ಉಗುರು ಕತ್ತರಿಸೋಣ ಎಂದು ಹತ್ತಿಯನ್ನು ಎತ್ತಿಕೊಂಡೆ. ಕೆಳಗಿಳಿಸಿದ ಮೇಲೆ ನೋಡಿದರೆ ನನ್ನ ತೋಳಿನ ಮೇಲೆ ಸಣ್ಣ ಕೆಂಪು ಕಲೆ. ನನ್ನ ರಕ್ತವಲ್ಲ, ಅವನದು.

ಹತ್ತಿ ನಮ್ಮ ಧಾರವಾಡದ ಮನೆಯ ಬಿಳಿ ಮೊಲ. ನಾಲ್ಕು ವರ್ಷ, ತೂಕ 3.4 ಕಿಲೋ. ತಮ್ಮನನ್ನು ಕರೆದೆ. ಅವನ ಎದೆಗೆ ಒರಗಿಸಿ, ಹಿಂಭಾಗಕ್ಕೆ ಕೈ ಆಸರೆ ಕೊಟ್ಟು ಹಿಡಿಸಿ ಅಂಗಾಲು ನೋಡಿದೆ. ಎಡಗಾಲಿನ ಹಿಮ್ಮಡಿ ಹತ್ತಿರ ಎರಡು ಸೆಂಟಿಮೀಟರ್ ಉದ್ದಕ್ಕೆ ಕೂದಲೇ ಇಲ್ಲ. ನಡುವೆ ಹಸಿ ಗಾಯ, ಸುತ್ತ ಹಕ್ಕಳೆ. ಶಾಲೆಯ ಸ್ಕೇಲ್ ಪಕ್ಕಕ್ಕಿಟ್ಟು ಅಳೆದೆ, 8 ಮಿಲಿಮೀಟರ್. ಬಲಗಾಲು ಬೋಳಾಗಿ ಕೆಂಪಾಗಿದೆ, ಆದರೆ ಚರ್ಮ ಒಡೆದಿಲ್ಲ.

ಈಗ ಎಲ್ಲಾ ನೆನಪಾಗುತ್ತಿದೆ. ಹದಿನೈದು ದಿನದಿಂದ ಅವನು ಸೋಫಾ ಹತ್ತಿರಲಿಲ್ಲ. ಕೂತಲ್ಲೇ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುತ್ತಿದ್ದ. ಸಂಜೆ ಓಡಾಟ ಕಡಿಮೆಯಾಗಿತ್ತು. ಸೆಕೆ ಅಂದುಕೊಂಡೆ. ಮೊಲ ನೋವನ್ನು ತೋರಿಸಿಕೊಳ್ಳುವ ಪ್ರಾಣಿ ಅಲ್ಲ. ಕಾಡಿನಲ್ಲಿ ಅದನ್ನು ತಿನ್ನಲು ಹತ್ತು ಪ್ರಾಣಿಗಳು ಕಾಯುತ್ತಿರುತ್ತವೆ, ಕುಂಟಿದರೆ ಮುಗಿಯಿತು. ಹಾಗಾಗಿ ಸುಮ್ನೆ ಕೂರುವುದೇ ಅದರ ನರಳಾಟ.

ಮನೆಯಲ್ಲಿ ಒಂದು ಚರ್ಮದ ಮುಲಾಮು ಇತ್ತು. ತುರಿಕೆಗೂ ಹುಳುಕಡ್ಡಿಗೂ ಮೆಡಿಕಲ್ ಶಾಪ್‌ನಲ್ಲಿ ಕೊಡುತ್ತಾರಲ್ಲ, ಅಂಥದ್ದು. ಹಚ್ಚಲು ಮುಚ್ಚಳ ತೆಗೆದಿದ್ದೆ. ಏಕೋ ಮನಸ್ಸು ತಡೆಯಿತು, ಡಾಕ್ಟರಿಗೆ ಫೋನ್ ಮಾಡಿದೆ. "ಬೇಡವೇ ಬೇಡ" ಅಂದರು. ಅಂಥ ಟ್ಯೂಬುಗಳಲ್ಲಿ ಹೆಚ್ಚಾಗಿ ಸ್ಟಿರಾಯ್ಡ್ ಇರುತ್ತದೆ. ಮೊಲದ ಮೈಗೆ ಸ್ಟಿರಾಯ್ಡ್ ಆಗುವುದಿಲ್ಲ, ಗಾಯ ಮಾಯುವುದೂ ನಿಧಾನವಾಗುತ್ತದೆ. ಮೇಲಾಗಿ ಅವನು ಅದನ್ನು ನೆಕ್ಕುತ್ತಾನೆ.

ಜೂನ್ 11

ಡಾಕ್ಟರ್ ಎರಡೂ ಕಾಲು ನಿಧಾನವಾಗಿ ನೋಡಿದರು. ಮೊಲ ಸಾಕುವವರು ಇದನ್ನು ಸೋರ್ ಹಾಕ್ಸ್ ಅನ್ನುತ್ತಾರೆ, ಡಾಕ್ಟರುಗಳ ಬಾಯಲ್ಲಿ ಪೋಡೋಡರ್ಮಟೈಟಿಸ್. ಮೊದಲು ಕೂದಲು ಉದುರಿ ಜಡ್ಡು ಕಟ್ಟುತ್ತದೆ. ಆಮೇಲೆ ಕೆಂಪು, ಊತ. ಆಮೇಲೆ ಚರ್ಮ ಒಡೆದು ಹುಣ್ಣು. ಅಲ್ಲಿಗೂ ಬಿಟ್ಟರೆ ಕೀವು ಒಳಗಿಳಿದು ಸ್ನಾಯುವಿನ ನಾರಿಗೆ, ಕೊನೆಗೆ ಮೂಳೆಗೆ. ಮೂಳೆಗೆ ಹೋದರೆ ಉಳಿಸುವುದು ತುಂಬಾ ಕಷ್ಟ. ಎಡಗಾಲು ಮೂರನೇ ಹಂತದ ಶುರುವಿನಲ್ಲಿದೆ. ಎಕ್ಸ್‌ರೇ ತೆಗೆದರು. ಮೂಳೆ ಚೆನ್ನಾಗಿದೆ. ಆ ಫಿಲ್ಮ್ ಬೆಳಕಿಗೆ ಹಿಡಿದು ಅವರು "ಸರಿ ಇದೆ" ಅನ್ನುವವರೆಗೆ ನನಗೆ ಉಸಿರು ಬಂದಿರಲಿಲ್ಲ.

ನೋವಿಗೆ ಮೆಲಾಕ್ಸಿಕ್ಯಾಮ್ ಕೊಟ್ಟರು. ಸೋಂಕಿಗೆ ಎನ್ರೋಫ್ಲಾಕ್ಸಾಸಿನ್. ಗಾಯಕ್ಕೆ ಸಿಲ್ವರ್ ಸಲ್ಫಾಡೈಯಜಿನ್ ಮುಲಾಮು, ತೆಳ್ಳಗೆ. ಡೋಸ್ ಇಲ್ಲಿ ಬರೆಯುವುದಿಲ್ಲ. ತೂಕ ನೋಡಿ, ಮೊಲ ನೋಡಿ ಡಾಕ್ಟರೇ ಹೇಳಬೇಕು. ಒಂದು ಮಾತು ಮಾತ್ರ ದಪ್ಪ ಅಕ್ಷರದಲ್ಲಿ ಬರೆದುಕೊಂಡಿದ್ದೇನೆ. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಮಾತ್ರೆ, ಸಿರಪ್ ಮೊಲದ ಬಾಯಿಗೆ ಹಾಕಬಾರದು. ಕ್ಲಿಂಡಾಮೈಸಿನ್ ಕೂಡ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಕೆಟ್ಟವು ಹೆಚ್ಚುತ್ತವೆ, ಮೊಲವೇ ಸಾಯಬಹುದು.

ಜೂನ್ 13

ಬಂದದ್ದು ಯಾಕೆ ಅಂತ ಎರಡು ದಿನದಿಂದ ಯೋಚಿಸುತ್ತಿದ್ದೇನೆ.

ನಾಯಿ, ಬೆಕ್ಕಿನ ಪಾದಕ್ಕೆ ಮೆತ್ತನೆಯ ಗದ್ದಿ ಇರುತ್ತದೆ. ಮೊಲಕ್ಕೆ ಅದಿಲ್ಲ. ಒತ್ತಾದ ಕೂದಲೇ ಅದರ ಚಪ್ಪಲಿ. ಮಣ್ಣಿನ ಮೇಲೆ ನಿಂತರೆ ಉಗುರು ನೆಲದೊಳಗೆ ಇಳಿಯುತ್ತದೆ, ಭಾರ ಇಡೀ ಪಾದಕ್ಕೆ ಹಂಚಿಹೋಗುತ್ತದೆ. ನಮ್ಮ ಟೈಲ್ಸ್ ಮೇಲೆ ಉಗುರು ಎಲ್ಲಿಗೆ ಇಳಿಯಬೇಕು? ಬೆರಳು ಮೇಲೆದ್ದು ಭಾರವೆಲ್ಲ ಹಿಮ್ಮಡಿಗೆ ಬೀಳುತ್ತದೆ. ಉಗುರು ಬೆಳೆದಿದ್ದರೆ ಇನ್ನೂ ಜಾಸ್ತಿ. ಅಲ್ಲಿ ಚರ್ಮದ ಕೆಳಗೆ ಮಾಂಸವೇ ಇಲ್ಲ ಅನ್ನಬಹುದು, ನೇರ ಮೂಳೆ. ನೆಲ ಮತ್ತು ಮೂಳೆಯ ನಡುವೆ ಚರ್ಮ ಅದುಮಿ ರಕ್ತ ಓಡಾಡುವುದು ನಿಲ್ಲುತ್ತದೆ.

ಅಜ್ಜಿ ಕೊನೆಯ ವರ್ಷ ಹಾಸಿಗೆ ಹಿಡಿದಾಗ ಬೆನ್ನಿಗೆ ಹುಣ್ಣಾಗಿತ್ತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಿದ್ದೆವು. ಹತ್ತಿಯದೂ ಅದೇ, ಒತ್ತಿ ಒತ್ತಿ ಆದ ಹುಣ್ಣು. ಅಜ್ಜಿಗೆ ಮುಲಾಮಿಗಿಂತ ಹೆಚ್ಚು ಕೆಲಸ ಮಾಡಿದ್ದು ಹಾಸಿಗೆ. ಇವನಿಗೂ ನೆಲದಿಂದಲೇ ಶುರು ಮಾಡಬೇಕು.

ಮೂರು ತಪ್ಪು ನನ್ನವು. ಪಂಜರದ ತಳ ತಂತಿಯದು. ಹಿಕ್ಕೆ ಕೆಳಗೆ ಬೀಳುತ್ತದೆ, ಕ್ಲೀನ್ ಸುಲಭ ಅಂತ ತಂದಿದ್ದೆ. ಎರಡನೆಯದು ಪೆಲೆಟ್, ಅಂದರೆ ಮೊಲಕ್ಕೆ ಕೊಡುವ ಗುಳಿಗೆಯಂಥ ಒಣ ಆಹಾರದ ಬಟ್ಟಲು ಯಾವಾಗಲೂ ತುಂಬಿರುತ್ತಿತ್ತು, ಹಾಗಾಗಿ ತೂಕ. ಮೂರನೆಯದು ಉಗುರು, ಎರಡು ತಿಂಗಳು ಮುಟ್ಟಿರಲಿಲ್ಲ.

ಜೂನ್ 16

ತಂತಿ ಪಂಜರ ಅಟ್ಟಕ್ಕೆ ಹೋಯಿತು. ಹಾಲ್‌ನ ಮೂಲೆಯಲ್ಲಿ ಆರು ಅಡಿಗೆ ನಾಲ್ಕು ಅಡಿ ಜಾಗ ಬೇಲಿ ಹಾಕಿ ಕೊಟ್ಟಿದ್ದೇವೆ. ಕೆಳಗೆ ಎರಡು ಪದರ ಗೋಣಿಚೀಲ. ದಿನಕ್ಕೆ ಎರಡು ಸಲ ಸಲೈನ್‌ನಲ್ಲಿ ಗಾಯ ತೊಳೆಯುವುದು, ಹತ್ತಿಬಟ್ಟೆಯಿಂದ ಒತ್ತಿ ಒಣಗಿಸುವುದು, ಮುಲಾಮು ಹಚ್ಚುವುದು. ಒರೆಸುವುದಲ್ಲ, ಒತ್ತುವುದು. ಮೊಲದ ಚರ್ಮ ಬಹಳ ತೆಳು.

ಮೆಡಿಕಲ್ ಶಾಪ್‌ನ ಸಲೈನ್ ಬಾಟಲಿ ಸಾಕು. ಹೈಡ್ರೋಜನ್ ಪೆರಾಕ್ಸೈಡ್ ಬೇಡ, ಅದು ಹೊಸದಾಗಿ ಹುಟ್ಟುತ್ತಿರುವ ಚರ್ಮವನ್ನೂ ಸುಡುತ್ತದೆ. ಪಕ್ಕದ ಮನೆಯವರು ಅರಿಶಿನ ಹಚ್ಚಲು ಹೇಳಿದರು. ಪ್ರೀತಿಯಿಂದ ಹೇಳಿದ್ದು. ಆದರೆ ಪುಡಿ ಗಾಯದಲ್ಲಿ ಗಟ್ಟಿಯಾಗಿ ಕೂತರೆ ಕೆಳಗೆ ಕೀವಿದ್ದರೂ ಕಾಣುವುದಿಲ್ಲ, ಹಾಗಾಗಿ ಹಚ್ಚಲಿಲ್ಲ.

ಜೂನ್ 20

ಬ್ಯಾಂಡೇಜ್ ಪ್ರಯೋಗ ಸೋತಿತು. ಡಾಕ್ಟರ್ ಕಟ್ಟಿದ್ದು ಚೆನ್ನಾಗಿತ್ತು. ಅದು ಬಿಚ್ಚಿಹೋದ ಮೇಲೆ ನಾನು ಕಟ್ಟಿದೆ. ರಾತ್ರಿ ನೋಡಿದರೆ ಬೆರಳು ಊದಿ ತಣ್ಣಗಾಗಿತ್ತು. ಕೈ ನಡುಗುತ್ತಾ ಬಿಚ್ಚಿದೆ. ಅರ್ಧ ಗಂಟೆಯಲ್ಲಿ ಬೆರಳು ಬೆಚ್ಚಗಾಯಿತು. ಬಟ್ಟೆಯ ತಳವೂ ಮೂತ್ರದಲ್ಲಿ ನೆನೆದಿತ್ತು. ಒದ್ದೆ ಬ್ಯಾಂಡೇಜ್ ಇದ್ದರೆ ಇಲ್ಲದ್ದಕ್ಕಿಂತ ಕೆಡುಕು. ಕಟ್ಟಲೇಬೇಕಾದ ಗಾಯವಾದರೆ ದಿನವೂ ಡಾಕ್ಟರ ಬಳಿ ಕಟ್ಟಿಸಬೇಕು. ನಮ್ಮದಕ್ಕೆ ಬಿಟ್ಟರೂ ನಡೆಯುತ್ತದೆ, ನೆಲ ಮೆತ್ತಗಿರಲಿ ಅಂದರು.

ಜೂನ್ 23

ಎಡಗಾಲು 9 ಮಿಲಿಮೀಟರ್. ಕಡಿಮೆಯಾಗಬೇಕಿತ್ತು, ಒಂದು ಜಾಸ್ತಿಯಾಗಿದೆ.

ಗೋಣಿಚೀಲಕ್ಕೆ ಮುಖ ಇಟ್ಟು ನೋಡಿದೆ. ಒರಟು, ಒದ್ದೆ, ಮೂತ್ರದ ಘಾಟು. ಮಳೆ ಹಿಡಿದು ವಾರವಾಯಿತು, ಏನೂ ಒಣಗುತ್ತಿಲ್ಲ. ನನ್ನ ಅಂಗೈಯನ್ನು ಗೋಣಿಯ ಮೇಲೆ ಇಪ್ಪತ್ತು ಸಲ ಉಜ್ಜಿದೆ, ಕೆಂಪಾಯಿತು. ತೆಂಗಿನ ನಾರಿನ ಮ್ಯಾಟ್ ಇದಕ್ಕಿಂತ ಒರಟು. ಇನ್ನು ಮೇಲೆ ಹಾಸುವ ಯಾವುದನ್ನೂ ಮೊದಲು ನನ್ನ ಕೈಗೆ ಉಜ್ಜಿ ನೋಡುತ್ತೇನೆ.

ಅಮ್ಮ ಪೆಟ್ಟಿಗೆಯಿಂದ ಅಜ್ಜಿ ಹೊಲಿದ ಕೌದಿ ತೆಗೆದಳು. ಹಳೆಯ ಇಳಕಲ್ ಸೀರೆ ತುಂಡುಗಳನ್ನು ಪದರ ಪದರ ಇಟ್ಟು ಹೊಲಿದದ್ದು. ತೊಳೆದು ತೊಳೆದು ಬೆಣ್ಣೆಯಾಗಿದೆ. "ಇದಕ್ಕಿಂತ ಮೆತ್ತಗಿನದು ನಮ್ಮ ಮನೆಯಲ್ಲಿಲ್ಲ" ಅಂದಳು. ನನಗೆ ಮನಸ್ಸಾಗಲಿಲ್ಲ. ಅವಳೇ ಹಾಸಿದಳು.

ಜೂನ್ 27

ಕೌದಿ ಮೆತ್ತಗಿದೆ, ಅವನು ಮೊದಲ ಬಾರಿ ಕಾಲು ಚಾಚಿ ಅಡ್ಡ ಮಲಗಿದ. ಆದರೆ ಎರಡು ತೊಂದರೆ. ಮೂಲೆಯ ದಾರ ಕಡಿಯಲು ಶುರು ಮಾಡಿದ. ಮೊಲಕ್ಕೆ ವಾಂತಿ ಆಗುವುದಿಲ್ಲ, ದಾರ ಒಳಗೆ ಹೋದರೆ ಕರುಳಿಗೆ ಸಿಕ್ಕಬಹುದು. ಇನ್ನೊಂದು, ಒದ್ದೆಯಾದರೆ ಈ ಮಳೆಯಲ್ಲಿ ಕೌದಿ ಒಣಗಲು ಮೂರು ದಿನ.

ತಮ್ಮನ ಐಡಿಯಾ ಕೆಲಸ ಮಾಡಿತು. ಕೌದಿಯನ್ನು ಮಡಿಸಿ ಎಲ್ಲಕ್ಕಿಂತ ಕೆಳಗೆ. ಅದರ ಮೇಲೆ ಅಜ್ಜಿಗೆ ಹಾಸುತ್ತಿದ್ದ ರಬ್ಬರ್ ಶೀಟ್. ಅದರ ಮೇಲೆ ಹಳೆಯ ಟವೆಲ್. ಎಲ್ಲದರ ಮೇಲೆ ಫ್ಲೀಸ್ ಬಟ್ಟೆ. ಅಂಚುಗಳನ್ನೆಲ್ಲ ಕೆಳಗೆ ಮಡಚಿ ಬೇಲಿಯ ಕಾಲಿನಡಿ ಸಿಕ್ಕಿಸಿದ್ದೇವೆ. ಫ್ಲೀಸ್ ನೀರನ್ನು ಕೆಳಗೆ ಬಿಡುತ್ತದೆ, ಟವೆಲ್ ಹೀರುತ್ತದೆ, ಮೇಲ್ಭಾಗ ಒಣಗಿರುತ್ತದೆ. ಫ್ಲೀಸ್, ಟವೆಲ್ ಮೂರು ಮೂರು ಜೊತೆ ಇವೆ. ಒಂದು ಹಾಸಿರುತ್ತದೆ, ಒಂದು ನೆನೆದಿರುತ್ತದೆ, ಒಂದು ಫ್ಯಾನ್ ಕೆಳಗೆ. ಫ್ಯಾಬ್ರಿಕ್ ಸಾಫ್ಟ್‌ನರ್ ಹಾಕುವುದಿಲ್ಲ, ಹಾಕಿದರೆ ನೀರು ಇಳಿಯುವುದಿಲ್ಲ.

ಜುಲೈ 7

ಎಡ 7, ಬಲದಲ್ಲಿ ಹೊಸದಾಗಿ 3 ಮಿಲಿಮೀಟರಿನ ಬಿರುಕು. ಇದು ಅರ್ಥವೇ ಆಗಲಿಲ್ಲ. ನೆಲ ಸರಿಯಿದೆ, ಔಷಧಿ ನಡೆದಿದೆ. ಮತ್ತೇಕೆ?

ಇಡೀ ಭಾನುವಾರ ಪುಸ್ತಕ ಹಿಡಿದು ಅವನ ಎದುರು ಕೂತೆ. ಎಲ್ಲಿ ಎಷ್ಟು ಹೊತ್ತು ಕೂರುತ್ತಾನೆ ಎಂದು ಬರೆದುಕೊಂಡೆ. ಉತ್ತರ ಮಧ್ಯಾಹ್ನಕ್ಕೇ ಸಿಕ್ಕಿತು. ಅವನು ಹುಲ್ಲು ತಿನ್ನುವುದು ಟಾಯ್ಲೆಟ್ ಟ್ರೇಯಲ್ಲಿ ಕೂತು. ತಿನ್ನುತ್ತಾ ಹಿಕ್ಕೆ ಹಾಕುವುದು ಮೊಲದ ಸಹಜ ಅಭ್ಯಾಸ, ನಾವೇ ಹುಲ್ಲನ್ನು ಅಲ್ಲಿಟ್ಟಿದ್ದೆವು. ಬೆಳಿಗ್ಗೆಯಿಂದ ಸಂಜೆವರೆಗೆ ಸುಮಾರು ನಾಲ್ಕು ಗಂಟೆ ಆ ಟ್ರೇಯಲ್ಲೇ. ಟ್ರೇ ಮೇಲೆ ಪ್ಲಾಸ್ಟಿಕ್ ಜಾಲರಿ ಇತ್ತು. ಪಂಜರದ ತಂತಿ ತೆಗೆದು, ಅದೇ ಜಾಲರಿಯ ಮೇಲೆ ಅವನನ್ನು ಕೂರಿಸಿದ್ದೆ.

ಜಾಲರಿ ಈಗಲೇ ಕಿತ್ತೆ. ತಳಕ್ಕೆ ಹರಿದ ಪೇಪರ್, ಮೇಲೆ ನಾಲ್ಕು ಬೆರಳು ದಪ್ಪ ಒಣ ಹುಲ್ಲು. ದಿನಕ್ಕೆ ಎರಡು ಸಲ ಬದಲು.

ಯಾರ ಮನೆಯಲ್ಲಾದರೂ ಮೊಲದ ಕಾಲು ವಾಸಿಯಾಗುತ್ತಿಲ್ಲ ಅಂದರೆ, ಔಷಧಿ ಬದಲಿಸುವ ಮೊದಲು ಒಂದು ದಿನ ಹೀಗೆ ಕೂತು ನೋಡಿ. ನಾವು ಹಾಸಿದ ಕಡೆ ಅದು ಕೂರುತ್ತದೆ ಅಂತ ಏನಿಲ್ಲ.

ಜುಲೈ 14

ಬೆಳಿಗ್ಗೆ ಹುಲ್ಲು ಮುಟ್ಟಲಿಲ್ಲ. ಹಲ್ಲು ಕಡಿಯುವ ಸದ್ದು. ನೋವಿನಲ್ಲಿದ್ದಾಗ ಮೊಲ ಜೋರಾಗಿ ಹಲ್ಲು ಕಡಿಯುತ್ತದೆ, ಮುದ್ದಿಸಿದಾಗ ಬರುವ ಮೆಲ್ಲನೆ ಕಟಕಟ ಬೇರೆ. ಕಾಯಲಿಲ್ಲ, ಹೊರಟೆವು. ಮೊಲ ಅರ್ಧ ದಿನ ತಿನ್ನದಿದ್ದರೆ ಕರುಳು ನಿಂತುಹೋಗಬಹುದು, ಅದು ಕಾಲಿಗಿಂತ ದೊಡ್ಡ ಅಪಾಯ. ನೋವಿನ ಔಷಧಿ ಎರಡು ದಿನ ಮೊದಲು ಮುಗಿದಿತ್ತು, ಮುಂದುವರಿಸಿದರು. ಸಂಜೆ ಕೊತ್ತಂಬರಿ ತಿಂದ. ರಾತ್ರಿ ಹಿಕ್ಕೆ ಬಂತು. ಎಣಿಸಿದೆ, 41.

ಜುಲೈ 28

ಎಡ 4. ಬಲ ಮುಚ್ಚಿದೆ! ಹಕ್ಕಳೆ ತಾನಾಗೇ ಉದುರಿದೆ, ಕೆಳಗೆ ಗುಲಾಬಿ ಚರ್ಮ. ಹಕ್ಕಳೆ ಕೀಳುವ ಆಸೆ ಬಹಳ ಆಗುತ್ತದೆ. ಕೀಳಬೇಡಿ.

ತೂಕ 3.25. ಪೆಲೆಟ್ ಈಗ ದಿನಕ್ಕೆ 50 ಗ್ರಾಂ, ತಕ್ಕಡಿಯಲ್ಲಿ ತೂಗಿ. ಮೊದಲು ಚಪಾತಿ, ಬಿಸ್ಕತ್ತು ಕೊಡುತ್ತಿದ್ದವರಿಗೆಲ್ಲ ಕೈಮುಗಿದು ನಿಲ್ಲಿಸಿದ್ದೇನೆ. ಕುದುರೆ ಮಸಾಲೆ ಸೊಪ್ಪೂ ಕಡಿಮೆ, ಬೆಳೆದ ಮೊಲಕ್ಕೆ ಅದರ ಸುಣ್ಣದಂಶ, ಪ್ರೋಟೀನ್ ಜಾಸ್ತಿಯಾಯಿತು. ಹೊಟ್ಟೆ ತುಂಬ ಒಣ ಹುಲ್ಲು, ಗರಿಕೆ.

ಆಗಸ್ಟ್ 18

ಎಡಗಾಲೂ ಮುಚ್ಚಿತು. ಹತ್ತು ವಾರ.

ಕೂದಲು ಬಂದಿಲ್ಲ. ಎರಡೂ ಕಡೆ ಹುರುಳಿಕಾಳಿನಷ್ಟು ದಪ್ಪದ, ತಿಳಿ ಬಣ್ಣದ ಜಡ್ಡು. ಇದು ಪೂರ್ತಿ ಹೋಗದೆಯೂ ಇರಬಹುದು, ಒಣಗಿದ್ದು ಕೆಂಪಿಲ್ಲದಿದ್ದರೆ ಚಿಂತೆ ಬೇಡ ಅಂದರು ಡಾಕ್ಟರ್. ಕೂದಲಿನ ಬದಲು ಈಗ ಅದೇ ಅವನ ಚಪ್ಪಲಿ, ಕತ್ತರಿಸಬಾರದು, ಉಜ್ಜಬಾರದು. ರೆಕ್ಸ್ ಜಾತಿಯ ಮೊಲಗಳಿಗೆ ಪಾದದ ಕೂದಲು ಹುಟ್ಟಾ ತೆಳು, ಅಂಥವುಗಳನ್ನು ಸಾಕುವವರು ಗಾಯವಾಗುವ ಮೊದಲೇ ನೆಲದ ಬಗ್ಗೆ ಯೋಚಿಸಬೇಕು.

ಪ್ರತಿ ಭಾನುವಾರದ ಫೋಟೊ ನಿಲ್ಲಿಸುವುದಿಲ್ಲ. ಅದೇ ಕಿಟಕಿ, ಅದೇ ಬೆಳಕು, ಪಕ್ಕದಲ್ಲಿ ಸ್ಕೇಲ್. ದಿನಾ ನೋಡುವ ಕಣ್ಣಿಗೆ ಬದಲಾವಣೆ ಕಾಣುವುದೇ ಇಲ್ಲ. ಹತ್ತು ಫೋಟೊ ಸಾಲಾಗಿ ಇಟ್ಟಾಗ ಜೂನ್ 23ರ ತಪ್ಪು, ಜುಲೈ 7ರ ತಪ್ಪು ಎರಡೂ ಎದ್ದು ಕಂಡವು. ಒಂದು ಎಚ್ಚರ: ಫೋಟೊಗಾಗಿ ಅಂಗಾತ ಮಲಗಿಸಬೇಡಿ. ಹಾಗೆ ಮಲಗಿಸಿದಾಗ ಅದು ಕದಲದಿರುವುದು ಹೆದರಿ. ಬೆಚ್ಚಿ ಒದ್ದರೆ ಬೆನ್ನುಮೂಳೆಯೇ ಮುರಿಯಬಹುದು.

ಸೆಪ್ಟೆಂಬರ್ 12

ನಿನ್ನೆ ಐದನೇ ದಿನದ ಗಣಪತಿ ವಿಸರ್ಜನೆ. ರಸ್ತೆಯಲ್ಲಿ ಪಟಾಕಿ, ಡೊಳ್ಳು. ಹತ್ತಿ ಹೆದರಿ ರಾತ್ರಿ ಹನ್ನೊಂದರವರೆಗೆ ಹಿಂಗಾಲಿನಿಂದ ನೆಲ ಬಡಿದ. ಮೊಲ ಅಪಾಯ ಸಾರುವುದು ಹೀಗೆ. ಬಡಿದಷ್ಟೂ ಬೀಳುವ ಪೆಟ್ಟು ಅದೇ ಜಾಗಕ್ಕೆ. ನಾನೂ ಬೇಲಿಯೊಳಗೆ ಕೂತು, ಕೌದಿಯ ಮೇಲೆ ಅವನನ್ನು ಒತ್ತಿಕೊಂಡಿದ್ದೆ.

ಬೆಳಿಗ್ಗೆ ನೋಡಿದೆವು. ಜಡ್ಡು ಒಡೆದಿಲ್ಲ. ಬಲಗಾಲಿನ ಅಂಚು ಸ್ವಲ್ಪ ಗುಲಾಬಿ, ಅಷ್ಟೇ. ಹಬ್ಬಕ್ಕೆ ತಂದ ಗರಿಕೆ ಇನ್ನೂ ಎರಡು ಕಟ್ಟು ಉಳಿದಿತ್ತು, ಅಮ್ಮ ಅವನ ಮುಂದೆ ಇಟ್ಟಳು.

ಸೆಪ್ಟೆಂಬರ್ 15

ತೂಕ 3.1. ಉಗುರು ಕತ್ತರಿಸಿ ಆಯಿತು. ಬಲಗಾಲಿನ ಗುಲಾಬಿ ಇಳಿದಿದೆ, ಪೂರ್ತಿ ಹೋಗಿಲ್ಲ. ಹನ್ನೊಂದನೇ ದಿನದ ವಿಸರ್ಜನೆ ನಾಡಿದ್ದು, ಅವತ್ತು ಅವನ ಜಾಗವನ್ನು ಹಿಂದಿನ ಕೋಣೆಗೆ ಸಾಗಿಸುತ್ತೇವೆ. ಒಂದು ಫ್ಲೀಸ್ ಸವೆದಿದೆ, ಹೊಸದು ತರಬೇಕು.